ತಣ್ಣನೆಯ ಅಭಿಪ್ರಾಯ

ಗಡಿಯಲ್ಲಿ ಗುಂಡು ಹಾರಿದ ಮರುದಿನ ಇಡೀ ದೇಶ ಯುದ್ಧ ಬೇಕೆಂದು ಕುಣಿಯುತ್ತಿತ್ತು. ಸಮಚಿತ್ತ ಎಂಬ ಯಂತ್ರ ಮಾತ್ರ ಬೇಡ ಎಂದಿತು. ದಿಲ್ಲಿಯ ಅಧಿಕಾರಿಗಳು ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿ ನೋಡಿದರು. ಮತ್ತೆ ಅದೇ ಉತ್ತರ. ಜನ ಇವತ್ತು ಬೀದಿಯಲ್ಲಿ ಕೂಗುತ್ತಿರುವುದು ಒಂದು, ಅದೇ ಜನ ಹತ್ತಾರು ವರ್ಷ ನೆಮ್ಮದಿಯಾಗಿ ಕುಳಿತು ಹೇಳಿಕೊಂಡು ಬಂದದ್ದು ಇನ್ನೊಂದು, ಎರಡನೆಯದೇ ಅವರ ನಿಜವಾದ ನಿಲುವು ಎಂದು ಯಂತ್ರ ವರದಿ ಕೊಟ್ಟಿತು. ಸೈನ್ಯ ಹೊರಡಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ, ಕುಣಿದವರೇ ಸದ್ಯ ಬದುಕಿದೆವು ಎಂದು ಉಸಿರು ಬಿಟ್ಟರು.

ಈ ಯಂತ್ರವನ್ನು ಕಟ್ಟಿದವಳು ಧಾರವಾಡದ ಗಣಿತಜ್ಞೆ ಡಾ. ರಿಹಾನಾ ಕಿತ್ತೂರ. ಅದರ ತತ್ವ ಸರಳ. ಒಬ್ಬ ಮನುಷ್ಯ ಜೀವಮಾನವಿಡೀ ಅಂತರ್ಜಾಲದಲ್ಲಿ ಬರೆದದ್ದು, ಹಂಚಿದ್ದು, ಮೆಚ್ಚಿದ್ದು ಎಲ್ಲವನ್ನೂ ಸಮಚಿತ್ತ ಓದುತ್ತದೆ. ಸಿಟ್ಟು, ಭಯ, ದುಃಖದಲ್ಲಿ ಆಡಿದ ಮಾತುಗಳಲ್ಲಿ ಒಂದು ಬಗೆಯ ಕಾವು ಇರುತ್ತದೆ. ಪದಗಳ ಆಯ್ಕೆಯಿಂದ, ಬರೆದ ವೇಗದಿಂದ ಅದನ್ನು ಗುರುತಿಸಿ ಸೋಸಿ ತೆಗೆಯುತ್ತದೆ. ಸ್ವಂತ ಲಾಭಕ್ಕಾಗಿ ಆಡಿದ ಮಾತನ್ನೂ ಬದಿಗೆ ಸರಿಸುತ್ತದೆ. ಕೊನೆಗೆ ಉಳಿಯುವುದು ಆ ಮನುಷ್ಯನ ತಣ್ಣನೆಯ ಅಭಿಪ್ರಾಯ. ಕೋಟಿಗಟ್ಟಲೆ ಜನರದನ್ನು ಕೂಡಿಸಿದರೆ ದೇಶದ ನಿಲುವು ಸಿಗುತ್ತದೆ, ಅದೂ ಒಂದು ಕಪ್ ಚಹ ಕುಡಿದು ಮುಗಿಸುವುದರೊಳಗೆ.

ಜನರಿಗೆ ಇದು ಬಹಳ ಹಿಡಿಸಿತು. ಮೆರವಣಿಗೆ ಹೊರಡುವ, ಮನವಿ ಬರೆಯುವ, ಬಿಸಿಲಲ್ಲಿ ಸಾಲು ನಿಲ್ಲುವ ತಾಪತ್ರಯವಿಲ್ಲ. ನಮ್ಮ ಮನಸ್ಸನ್ನು ನಮಗಿಂತ ಚೆನ್ನಾಗಿ ಬಲ್ಲ ಯಂತ್ರ ಇದ್ದ ಮೇಲೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು? ಮಂತ್ರಿಗಳಿಗಂತೂ ಹಬ್ಬ. ದೊಡ್ಡ ವೆಚ್ಚದ ಯಾವ ತೀರ್ಮಾನವೇ ಇರಲಿ, ಸಮಚಿತ್ತದ ಉತ್ತರದಂತೆಯೇ ಆಗಬೇಕೆಂದು ಸಂಸತ್ತು ಕಾನೂನು ಮಾಡಿತು. ಅಂದಿನಿಂದ ಯಾವ ತಪ್ಪಿಗೂ ಯಾರೂ ಹೊಣೆಯಲ್ಲ ಎಂದಾಯಿತು. ಇದು ಅಪಾಯ ಎಂದು ಆಗಲೇ ಕೆಲವರು ಬಾಯಿ ಬಡಿದುಕೊಂಡರು. ಅವರ ಮಾತಿನಲ್ಲಿ ಕಾವು ಇತ್ತು, ಲೆಕ್ಕಕ್ಕೆ ಬರಲಿಲ್ಲ.

ಗದಗಿನ ಸಂಗಮೇಶ ಹಡಗಲಿ ಒಂದು ಮುದ್ರಣಾಲಯದ ಮಾಲೀಕ. ಲಗ್ನಪತ್ರಿಕೆಯನ್ನು ಕಾಗದದ ಮೇಲೆಯೇ ಅಚ್ಚು ಹಾಕಿಸುವ ಶೋಕಿ ಆ ಸೀಮೆಯಲ್ಲಿ ಇನ್ನೂ ಉಳಿದಿದ್ದರಿಂದ ಅವನ ಬದುಕು ನಡೆದಿತ್ತು. ಆದರೆ ಊರಿಗೆ ಅವನು ಗೊತ್ತಿದ್ದದ್ದು ಅಚ್ಚಿನ ಕೆಲಸದಿಂದಲ್ಲ. 'ಹಡಗಲಿ ಹೇಳಿದ್ದು' ಎಂಬ ಜಾಲಪುಟದಲ್ಲಿ ಅವನು ಮೀಸೆ ಚಿಗುರಿದ ದಿನಗಳಿಂದ ಬರೆಯುತ್ತ ಬಂದಿದ್ದ. ಬಾಹ್ಯಾಕಾಶ, ಮೊಬೈಲು, ಸರಕಾರ, ಅಂದಿನ ಪೇಪರಿನ ಸುದ್ದಿ, ಅವನ ಬಾಯಿಗೆ ಸಿಗದ ವಿಷಯವಿರಲಿಲ್ಲ. ಬೆಳಿಗ್ಗೆ ಚಹದ ಅಂಗಡಿಯಲ್ಲಿ "ಇವತ್ತ ಹಡಗಲಿ ಛಲೋ ಜಾಡಿಸ್ಯಾನ" ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ಆ ದಿನ ಊಟವೇ ಬೇಡ. ಹೆಂಡತಿ ಭಾರತಿ ಮಾತ್ರ ಎಂದೂ ಎಲ್ಲಿಯೂ ಒಂದಕ್ಷರ ಬರೆದವಳಲ್ಲ. ಊರ ಉಸಾಬರಿ ನನಗ್ಯಾಕೆ ಎಂದು ಸುಮ್ಮನಿದ್ದುಬಿಡುತ್ತಿದ್ದಳು.

ಅವರ ಒಬ್ಬಳೇ ಮಗಳು ಇಂಚರ ಭೂವಿಜ್ಞಾನ ಓದಿ, ಚಂದ್ರನ ದಕ್ಷಿಣ ಧ್ರುವದ ನೆಲೆಗೆ ಹೋದ ಮೂವರಲ್ಲಿ ಒಬ್ಬಳಾದಳು. ಅವಳು ಆಯ್ಕೆಯಾದ ದಿನ ಸಂಗಮೇಶ ಓಣಿಗೆಲ್ಲ ಪೇಢೆ ಹಂಚಿದ. ಬಿಸಿಲೇ ಬೀಳದ ಕುಳಿಗಳಲ್ಲಿ ಹೆಪ್ಪುಗಟ್ಟಿದ ನೀರು ಎಷ್ಟಿದೆ ಎಂದು ಅಳೆಯುವುದು ಅವಳ ಕೆಲಸ. ಮರಳುವ ದಿನ ಹತ್ತಿರ ಬಂದಾಗ ಗೋಲಿಗಿಂತ ಸಣ್ಣ ಉಲ್ಕೆಯ ಚೂರೊಂದು ಬಂದು ಅವರ ನೌಕೆಯ ಇಂಧನ ಟ್ಯಾಂಕಿಗೆ ತೂತು ಮಾಡಿತು. ಮೂವರಿಗೂ ಏನೂ ಆಗಲಿಲ್ಲ, ಆದರೆ ಹಿಂದಿರುಗಲು ವಾಹನವಿಲ್ಲದಂತಾಯಿತು. ಉಸಿರಾಡುವ ಗಾಳಿಯನ್ನು ಶುದ್ಧ ಮಾಡುವ ಉಪಕರಣ ಕೆಲವು ವಾರಗಳಷ್ಟೇ ಬಾಳುವಂಥದು.

ಇನ್ನೊಂದು ರಾಕೆಟ್ ಸಿದ್ಧವಿತ್ತು, ಕಳಿಸಲು ಸಮಯವೂ ಸಾಕಿತ್ತು. ಖರ್ಚು ಮಾತ್ರ ವಿಪರೀತ. ಕಾನೂನಿನ ಪ್ರಕಾರ ಸರಕಾರ ಸಮಚಿತ್ತವನ್ನು ಕೇಳಿತು. ಚಹ ಮುಗಿಯುವ ಮೊದಲೇ ಉತ್ತರ ಬಂತು. ಕಳಿಸಬೇಕಾಗಿಲ್ಲ ಎಂಬುದು ದೇಶದ ನಿಲುವು. ಬೇರೆ ದೇಶಗಳೂ ಅಷ್ಟರಲ್ಲಿ ಇಂಥದೇ ಯಂತ್ರಗಳನ್ನು ಇಟ್ಟುಕೊಂಡಿದ್ದವು. ಪರದೇಶದವರ ವಿಷಯದಲ್ಲಿ ಅವುಗಳ ಅಭಿಪ್ರಾಯ ಇನ್ನೂ ತಣ್ಣಗಿತ್ತು.

ಮರುದಿನವೇ ಸಂಗಮೇಶ, ಭಾರತಿ ಇಬ್ಬರೂ ಧಾರವಾಡಕ್ಕೆ ಬಂದು ರಿಹಾನಾಳ ಕೋಣೆಯಲ್ಲಿ ಕುಳಿತರು.

"ಮೇಡಂ, ನಿಮ್ಮ ಮಶೀನ್ ಕೆಟ್ಟೈತಿ," ಎಂದ ಸಂಗಮೇಶ. "ಇಡೀ ದೇಶ ಅಳಾಕತ್ತೈತಿ. ಗುಡಿ, ಮಸೂತಿ, ಸಾಲಿ, ಎಲ್ಲಾ ಕಡೆ ಪ್ರಾರ್ಥನಾ ನಡದಾವು. ನಿಮ್ಮ ಮಶೀನ್ ನೋಡಿದ್ರ ಮಂದಿ ಬ್ಯಾಡ ಅಂದ್ರು ಅಂತೈತಿ."

"ಅದು ಈಗಿನ ಕಾವು ರೀ," ಎಂದಳು ರಿಹಾನಾ. ಈ ಮಾತನ್ನು ಅವಳು ಎಷ್ಟೋ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದಳು. ಈಗ ಅದು ಅವಳ ಬಾಯಿಂದಲೇ ಸರಿಯಾಗಿ ಹೊರಡಲಿಲ್ಲ.

"ಮಂದೀದು ಬಿಡ್ರಿ. ನಂದು ತಗದು ತೋರಸ್ರಿ. ನಾ ಬ್ಯಾಡ ಅಂದೀನೇನು?"

ಅವನು ಬರುವ ಸುದ್ದಿ ತಿಳಿದಾಗಲೇ ರಿಹಾನಾ ಅದನ್ನು ನೋಡಿಟ್ಟಿದ್ದಳು. ತೋರಿಸದೆ ಕಳಿಸಲು ಸಾಧ್ಯವೇ ಎಂದು ಬೆಳಗಿನಿಂದ ಯೋಚಿಸಿದ್ದಳು. ತನ್ನ ಅಭಿಪ್ರಾಯವನ್ನು ತಾನು ನೋಡುವ ಹಕ್ಕು ಪ್ರತಿ ಪ್ರಜೆಗೂ ಉಂಟೆಂದು ನಿಯಮ ಬರೆದವಳೂ ಅವಳೇ. ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಹೆಚ್ಚು ತೂಕ ಪಡೆದ ಸಾಲು ಅವನದೇ. 'ಗಟಾರದ ಹೂಳು ತೆಗೆಸಲಾಗದ ಸರಕಾರಕ್ಕೆ ಚಂದ್ರ ಏಕೆ ಬೇಕು? ಹೋದವರು ಅಲ್ಲೇ ಇದ್ದುಬಿಡಲಿ.' ಅವನು ಮದುವೆಗಿಂತ ಮೊದಲು ಬರೆದದ್ದು. ಬಹಳ ಓಡಿದ ಸಾಲು ಅದು. ಓದುಗರು ಕೇಳಿದರೆಂದು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಹಾಕುತ್ತಿದ್ದ.

"ಇದು ತಮಾಷಿಗೆ ಬರದದ್ದು," ಎಂದ ಸಂಗಮೇಶ. ಅವನ ದನಿ ಸಣ್ಣಗಾಗಿತ್ತು. "ನಮ್ಮ ಪ್ರೆಸ್ಸಿನ ಮುಂದ ಗಟಾರ ತುಂಬಿ ಹರೀತಿತ್ರಿ. ನಗರಸಭೆಯವರಿಗೆ ಹೇಳಿ ಹೇಳಿ ಸಾಕಾಗಿತ್ತು. ಅವತ್ತ ಪೇಪರಿನಾಗ ಚಂದ್ರನ ಸುದ್ದಿ ಇತ್ತು, ಅದನ್ನ ಹಿಡಕೊಂಡು ಅವರನ್ನ ಬಡದೆ. ನನ್ನ ಸಿಟ್ಟು ಗಟಾರದ ಮ್ಯಾಲಿತ್ತು."

"ಹೌದ್ರಿ. ಗಟಾರದ ಬಗ್ಗೆ ಬರದದ್ದನ್ನ ಕಾವು ಅಂತ ತಗದು ಹಾಕೈತಿ. ಚಂದ್ರನ ಮ್ಯಾಲೆ ನಿಮಗ ಸಿಟ್ಟಿರಲಿಲ್ಲ, ಲಾಭನೂ ಇರಲಿಲ್ಲ. ತಮಾಷೆ ಅಂದ್ರ ಯಂತ್ರದ ಲೆಕ್ಕದಾಗ ಎಲ್ಲಕ್ಕಿಂತ ತಣ್ಣನೆ ಮಾತು."

"ಮಗಳು ಅಲ್ಲಿಗೆ ಹೊಂಟ ಮ್ಯಾಲೆ ಎಷ್ಟ ಛಲೋ ಬರದೀನಿ. ದಿನಾ ಬರದೀನಿ."

"ಅದು ಸ್ವಂತ ಹಿತ ಆಕ್ಕೈತ್ರಿ."

ರಿಹಾನಾ ಇನ್ನೊಂದು ಮಾತನ್ನು ಹೇಳಬೇಕಿತ್ತು, ಹೇಳದೆ ಮುಚ್ಚಿಡುವುದು ಅವಳಿಂದ ಆಗಲಿಲ್ಲ. ಆ ಸಾಲು ಅವನೊಬ್ಬನ ಖಾತೆಯಲ್ಲಿ ಮಾತ್ರ ಇರಲಿಲ್ಲ. ಲಕ್ಷಾಂತರ ಜನ ಅದನ್ನು ಎತ್ತಿ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು, ಹತ್ತು ಭಾಷೆಗೆ ತಿರುಗಿಸಿದ್ದರು. ಚಂದ್ರಯಾನದ ಬಗ್ಗೆ ಈ ದೇಶದ ಬಹಳಷ್ಟು ಜನ ಜೀವನದಲ್ಲಿ ಹೇಳಿದ ಒಂದೇ ಮಾತು ಅದಾಗಿತ್ತು. ಹೀಗೆ ಕದ್ದವರ ಜೊತೆ ಸಂಗಮೇಶ ಹಿಂದೆ ಜಗಳವಾಡಿದ್ದುಂಟು. ಈಗ ಆ ಸಾಲು ತನ್ನದಲ್ಲವೆಂದು ಯಾರಾದರೂ ಸಾಧಿಸಿದ್ದರೆ ಅವನು ಅವರ ಕಾಲಿಗೆ ಬೀಳುತ್ತಿದ್ದ.

"ನಂದೇನೈತ್ರಿ ಅದರಾಗ?" ಎಂದು ಭಾರತಿ ಕೇಳಿದಳು.

"ನಿಮ್ಮದು ಖಾಲಿ ಐತ್ರಿ. ನಿಲುವಿಲ್ಲ ಅಂತ ಬಂದೈತಿ."

"ಹಡದಾಕಿಗೆ ನಿಲುವಿಲ್ಲ ಅಂದ್ರ ಹೆಂಗ್ರಿ," ಎಂದಳು ಭಾರತಿ. ಜಗಳದ ದನಿ ಅಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು.

ರಿಹಾನಾ ಅಂದೇ ಬೆಂಗಳೂರಿಗೆ ಹೊರಟು ಬಾಹ್ಯಾಕಾಶ ಇಲಾಖೆಯ ಕಾರ್ಯದರ್ಶಿಯನ್ನು ಕಂಡಳು. ಅವರು ಎದ್ದು ನಿಂತು ಬರಮಾಡಿಕೊಂಡರು, ಕಾಫಿ ತರಿಸಿದರು.

"ನನ್ನ ಯಂತ್ರ ತಪ್ಪು ಉತ್ತರ ಕೊಟ್ಟಿದೆ ಅಂತ ನಾನೇ ಸಹಿ ಮಾಡ್ತೀನಿ. ರಾಕೆಟ್ ಕಳಿಸಿ," ಎಂದಳು ರಿಹಾನಾ.

"ಯುದ್ಧದ ಟೈಮಲ್ಲಿ ಸರಿಯಾಗಿತ್ತಲ್ಲ ಮೇಡಂ?"

"ಅದು ಜನ ಏನು ಬರೆದಿದಾರೆ ಅಂತ ಅಳೆಯುತ್ತೆ. ಬರೆಯೋದು ಬೇರೆ, ಬಯಸೋದು ಬೇರೆ. ಅಷ್ಟು ಸಣ್ಣ ವಿಷಯ ನನಗೆ ಹೊಳೀಲಿಲ್ಲ."

ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ರಿಹಾನಾಳಿಗೆ ಸಿಟ್ಟು ಮಾಡಿಕೊಳ್ಳಲಾದರೂ ಆಗುತ್ತಿತ್ತು. "ನೋಡಿ ಮೇಡಂ, ನನಗೂ ಮಕ್ಕಳಿದಾರೆ," ಎಂದರು. "ಕಳಿಸಿದ ರಾಕೆಟ್ ದಾರೀಲಿ ಸಿಡೀತು ಅಂತಿಟ್ಕೊಳ್ಳಿ. ಜನರ ನಿಲುವಿಗೆ ವಿರುದ್ಧ ಹೋದವರು ಯಾರು ಅಂತ ಕೇಳ್ತಾರೆ. ಕಳಿಸದೇ ಇದ್ರೆ ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ಸರ್ಕಾರಕ್ಕೆ ನಿಮ್ಮ ಯಂತ್ರ ಬೇಕಾಗಿದ್ದೇ ಅದಕ್ಕೆ. ನಿಮಗೆ ಗೊತ್ತಿಲ್ಲ ಅಂದ್ರೆ ಆಶ್ಚರ್ಯ." ಸ್ವಲ್ಪ ತಡೆದು, "ಅಲ್ಲದೆ ನೀವು ಆ ಅಪ್ಪ ಅಮ್ಮನ್ನ ನೋಡಿ ಬಂದಿದೀರಿ. ನಿಮ್ಮ ಮಾತಲ್ಲೂ ಕಾವಿದೆ," ಎಂದರು.

ರಿಹಾನಾ ಕಾಫಿ ಮುಟ್ಟದೆ ಎದ್ದು ಬಂದಳು.

ಗಾಳಿಯ ಉಪಕರಣ ಸೋಲತೊಡಗಿದಾಗ ಇಲಾಖೆಯವರು ಮೂರೂ ಮನೆಗಳಿಗೆ ಚಂದ್ರನೊಡನೆ ಮಾತಾಡುವ ಏರ್ಪಾಡು ಮಾಡಿಕೊಟ್ಟರು. ಮುದ್ರಣಾಲಯದ ಹಿಂದಿನ ಮನೆಯಲ್ಲಿ, ಮಧ್ಯಾಹ್ನದ ಹೊತ್ತು, ತೆರೆಯ ಮೇಲೆ ಇಂಚರ ಕಾಣಿಸಿದಳು. ಅಲ್ಲಿಗೆ ಮಾತು ಮುಟ್ಟಿ ಉತ್ತರ ಬರಲು ಎರಡು ಮೂರು ಸೆಕೆಂಡು ಬೇಕು, ಆದ್ದರಿಂದ ಪ್ರತಿ ಮಾತಿಗೂ ನಡುವೆ ಒಂದು ಸಣ್ಣ ಖಾಲಿ ಬೀಳುತ್ತಿತ್ತು. ಮೊದಲು ತಾಯಿ ಮಾತಾಡಿದಳು. ಊಟ ಮಾಡಿದೆಯಾ, ಚಳಿ ಆಗುತ್ತದೆಯಾ, ಅಂಥವೇ. ಆಮೇಲೆ ಸಂಗಮೇಶ ಮುಂದೆ ಬಂದು, ತನ್ನ ಅಭಿಪ್ರಾಯ ಏನೆಂದು ಬಂದಿದೆಯೋ ಅದನ್ನು ಮಗಳಿಗೆ ಹೇಳಿದ. ಅವಳಿಂದ ಬೈಸಿಕೊಂಡರೆ ಸ್ವಲ್ಪ ಹಗುರಾಗಬಹುದು ಎಂಬ ಆಸೆ ಅವನಿಗಿತ್ತು.

ಖಾಲಿ ಮುಗಿದು ಅವಳ ಮುಖದ ಮೇಲೆ ನಗು ಬಂತು.

"ಗೊತ್ತೈತಿ ಅಪ್ಪಾ. ಇಲ್ಲಿ ನಾವೂ ನಮ್ಮ ನಮ್ಮವು ತಗದು ನೋಡಿದ್ವಿ. ನಂದೂ ಬ್ಯಾಡ ಅಂತನ ಐತಿ."

"ನಿಂದಾ?"

"ಸ್ಕೂಲಿಗೆ ಹೋಗೂವಾಗ ನಿಮ್ಮ ಆ ಸಾಲು ನಾನೂ ಶೇರ್ ಮಾಡಿದ್ದೆ. ನಮ್ಮಪ್ಪ ಬರದಾನ ಅಂತ. ಆವಾಗ ಅದು ನನಗ ಪೂರಾ ತಿಳೀತಿರಲಿಲ್ಲ, ಆದ್ರ ಎಲ್ಲಾರೂ ನಗ್ತಿದ್ರಲ್ಲಾ." ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡಳು. "ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

ಸಂಪರ್ಕ ಕಡಿಯುವವರೆಗೆ ಅಪ್ಪ, ಅಮ್ಮ, ಮಗಳು ಒಬ್ಬರನ್ನೊಬ್ಬರು ನೋಡುತ್ತ ಕುಳಿತರು.

ಚಂದ್ರನ ಮೇಲಿದ್ದ ಮೂವರೂ ತೀರಿಕೊಂಡ ದಿನ ದೇಶ ಅತ್ತಷ್ಟು ಹಿಂದೆ ಎಂದೂ ಅತ್ತಿರಲಿಕ್ಕಿಲ್ಲ. ಊರೂರಲ್ಲಿ ರಸ್ತೆಗಳಿಗೆ ಮೂವರ ಹೆಸರು ಇಟ್ಟರು. ಸರಕಾರ ಹಾಳಾಗಿ ಹೋಗಲಿ, ಯಂತ್ರ ಸುಟ್ಟು ಹಾಕಿರಿ ಎಂದು ಕೋಟ್ಯಂತರ ಜನ ಬರೆದರು. ಸಮಚಿತ್ತವನ್ನು ರದ್ದು ಮಾಡಬೇಕೇ ಎಂದು ಸರಕಾರ ಸಮಚಿತ್ತವನ್ನೇ ಕೇಳಿತು. ರಾಜಕಾರಣಿಗಳಿಗಿಂತ ಯಂತ್ರವೇ ವಾಸಿ ಎಂದು ಇದೇ ಜನ ಬಹಳ ವರ್ಷ ಹೇಳಿಕೊಂಡು ಬಂದಿದ್ದರಿಂದ, ಉಳಿಸಿಕೊಳ್ಳಬೇಕು ಎಂಬ ಉತ್ತರ ಬಂತು.

ರಿಹಾನಾ ಕೆಲಸ ಬಿಟ್ಟಳು. ಬಿಡುವ ಮುನ್ನ, ಆ ಮೂವರ ಹಣೆಬರಹ ಬರೆದ ವಾಕ್ಯಗಳನ್ನು ಕುಳಿತು ಓದಿದಳು. ಮುಕ್ಕಾಲು ಪಾಲು ಹಳೆಯವು, ಇಪ್ಪತ್ತೊಂದನೆಯ ಶತಮಾನದ ಮೂರನೆಯ ದಶಕದಲ್ಲಿ ಬರೆದವು. ಬರೆದವರಲ್ಲಿ ಎಷ್ಟೋ ಮಂದಿ ಸತ್ತುಹೋಗಿದ್ದರು. ಸತ್ತವರದನ್ನು ತೆಗೆಯಬೇಕೆಂಬುದೂ ಅವಳಿಗೆ ಹೊಳೆದಿರಲಿಲ್ಲ. ಊಟವಾದ ಮೇಲೆ ಮಂಚದಲ್ಲಿ ಒರಗಿ, ಬಸ್ಸಿಗೆ ಕಾಯುತ್ತ, ಕಚೇರಿಯಲ್ಲಿ ಕೆಲಸವಿಲ್ಲದೆ ಬೆರಳಾಡಿಸಿದ ಮಾತುಗಳು. ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ. ಯಾರೂ ಯಾರ ಸಾವನ್ನೂ ಕೋರಿರಲಿಲ್ಲ. ಆ ಹೊತ್ತಿಗೆ ಏನೋ ಒಂದು ಹೇಳಬೇಕಿತ್ತು, ಹೇಳಿದ್ದರು.

ಕೆಲವು ತಿಂಗಳ ಮೇಲೆ ಭಾರತಿ ಒಬ್ಬಳೇ ಧಾರವಾಡಕ್ಕೆ, ರಿಹಾನಾಳ ಮನೆಗೆ ಬಂದಳು. ಗಂಡ ಬರೆಯುವುದನ್ನು ನಿಲ್ಲಿಸಿದ್ದಾನೆ, ಮಾತೂ ಕಡಿಮೆ ಎಂದಳು. ತಾನು ಮಾತ್ರ ಈಗ ಬರೆಯಲು ಕಲಿತಿದ್ದೇನೆ ಎಂದು ಫೋನು ಮುಂದೆ ಹಿಡಿದಳು. 'ಯಾರ ಮಕ್ಕಳನ್ನೂ ಬಿಟ್ಟು ಬರಬೇಡಿ' ಎಂದು ಒಂದೇ ಸಾಲು, ದಿನವೂ ಅದನ್ನೇ ಹಾಕಿದ್ದಳು.

"ಇದು ಲೆಕ್ಕಕ್ಕ ಬರತೈತೇನ್ರಿ?"

"ಇಲ್ರಿ," ಎಂದಳು ರಿಹಾನಾ. ಸುಳ್ಳು ಹೇಳಬಹುದಿತ್ತು. "ನೀವು ತಾಯಿ. ಅದರಾಗ ಕಾವು ಐತಿ."

"ಎಷ್ಟ ವರ್ಷಕ್ಕ ಆರತೈತ್ರಿ?"

ಭಾರತಿ ಫೋನನ್ನು ಸೆರಗಿನಿಂದ ಒರೆಸಿ ಚೀಲದಲ್ಲಿ ಇಟ್ಟುಕೊಂಡಳು.

"ಹಂಗಾರ ಆಕಿ ಅಂಗಳದಾಗ ಆಡಕೋಂತ ಇದ್ದಾಗನ ಬರೀಬೇಕಾಗಿತ್ತು," ಎಂದಳು. "ಆವಾಗ ಎಲ್ಲಾ ಛಲೋ ಇತ್ತಲ್ರಿ. ಬರಿಯಾಕ ಏನೂ ಕಾರಣನ ಇರಲಿಲ್ಲ."