ಬನ್ನೂರಿನವರಿಗೆ ಇಟ್ಟ ವೀಳ್ಯ

ತೊಂಬತ್ತನಾಲ್ಕನೇ ಇಸವಿ. ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬಿಸಿಲು ಜಗಲಿ ಹತ್ತುವ ಹೊತ್ತು.

ಹೆಡತಲೆಯ ಚಿಕ್ಕಬಸಪ್ಪನ ಮನೆಯಲ್ಲಿ ಮಗಳು ಪವಿತ್ರಳ ವೀಳ್ಯಶಾಸ್ತ್ರ. ಎಲೆ ಅಡಿಕೆಯ ತಟ್ಟೆ ಬದಲಾದರೆ ಮಾತು ಕೊಟ್ಟ ಹಾಗೆ. ಬನ್ನೂರಿನಿಂದ ಗಂಡಿನ ಕಡೆಯವರು ಬಂದು ಚಾಪೆಯ ಮೇಲೆ ಕೂತಿದ್ದರು. ಅವರ ಪಕ್ಕದಲ್ಲಿ ಚಿಕ್ಕಬಸಪ್ಪ ಕರೆದಿದ್ದ ಲಿನ್. ಚಿಕ್ಕಬಸಪ್ಪ ಮೇಸ್ತ್ರಿಯಾಗಿದ್ದ ನಂಜನಗೂಡಿನ ನೂಲಿನ ಮಿಲ್ಲಿಗೆ ಯಂತ್ರ ಕೂರಿಸಲು ತೈವಾನಿನಿಂದ ಬಂದವನು.

ತಟ್ಟೆ ಮುಂದೆ ಬಂತು. ಅವನ ನಾಡಿನಲ್ಲೂ ಮನೆಗೆ ಬಂದವರಿಗೆ ಅಡಿಕೆ ಕೊಡುತ್ತಾರಂತೆ. ಎಲೆ ಅಡಿಕೆ ಎತ್ತಿ ಬಾಯಿಗಿಟ್ಟೇಬಿಟ್ಟ!

“ಏನ್ ಚಿಕ್ಕಬಸಪ್ನೋರೇ! ನಮ್ ವೀಳ್ಯಾವ ಆಯಪ್ಪ ಅಗಿದ್ಬುಟ್ನಲ್ಲಾ!”

ಬನ್ನೂರಿನವರು ಎದ್ದರು. ಎದ್ದವರು ಮತ್ತೆ ಕೂರಲಿಲ್ಲ.

ಅಜ್ಜಿ ಕೆಂಪಾಜಮ್ಮ ಮಾತ್ರ ಬಾಯಿಗೆ ಸೆರಗಿಟ್ಟು ನಕ್ಕಳು. “ಲೇ ಪವಿತ್ರ, ವೀಳ್ಯ ತಿಂದೋನೇ ಗಂಡ ಕಣೇ!”

ಪವಿತ್ರ ತಲೆಯೆತ್ತಿದಳು. ಲಿನ್‌ನ ಕೆಂಪಾದ ತುಟಿ, ಗಾಬರಿಯ ಕಣ್ಣು... ನಗು ಬಂತು. ಆಮೇಲೆ ಯಾಕೋ ಅಳುವೂ ಬಂತು.

ಯಂತ್ರ ನೋಡಿಕೊಳ್ಳಲು ಮಿಲ್ಲಿನಲ್ಲೇ ಉಳಿದ ಲಿನ್ ವಾರ ವಾರ ಕ್ಷಮೆ ಕೇಳಲು ಬಂದ. ಮಿಲ್ಲಿನ ಹುಡುಗರಿಂದ ಕಲಿತ ಕನ್ನಡ. ಎಲ್ಲರೂ ಕ್ಷಮಿಸಿ ಎಷ್ಟೋ ಕಾಲವಾದರೂ ಬರುವುದು ನಿಲ್ಲಲಿಲ್ಲ.

ತೊಂಬತ್ತೆಂಟರಲ್ಲಿ ಅವನ ತಂದೆ ತೀರಿಕೊಂಡರು. ಆ ನಾಡಿನ ಶಾಸನಸಭೆಯಲ್ಲಿದ್ದವರು. ಅವರ ಜಾಗಕ್ಕೆ ನಿಲ್ಲಲು ಜನ ಮಗನನ್ನು ಕರೆದರು.

“ಎಲೆಕ್ಷನ್ ಮುಗುದ್ಮೇಲೆ ಬಂದು ನಿಮ್ಮಪ್ಪಾರ್ನ ಕೇಳ್ತೀನಿ ಕಣ್ರೀ,” ಎಂದ ಪವಿತ್ರಳಿಗೆ.

“ಗೆದ್ಬುಟ್ರೆ?”

“ಗೆದ್ರೂ.”

ಗೆದ್ದ. ಬರಲಿಲ್ಲ. ಬಂದದ್ದು ಸುದ್ದಿ.

“ಇಂಡಿಯಾದಲ್ಲಿ ನಿನಗ್ಯಾರಿದ್ದಾರೆ ಅಂತ ಎದುರಾಳಿಗಳು ಕೇಳಿದ್ರಂತೆ ಕಣಮ್ಮ,” ಎಂದರು ಮಿಲ್ಲಿನ ಮ್ಯಾನೇಜರ್ ನಂಜುಂಡಸ್ವಾಮಿ. “ಲಿನ್ ಯಾರೂ ಇಲ್ಲ ಅಂದ್ರಂತೆ.”

ಯಾರೂ ಇಲ್ಲ... ಹಾಗಾದರೆ ನಾನು?

ನೆಂಟರು ಆಡಿಕೊಂಡರು. “ಎಲೆ ತಿಂದೋನು ಓದ, ಸುಣ್ಣ ಇವ್ಳಿಗುಳೀತು.”

ಪವಿತ್ರ ತಿ. ನರಸೀಪುರದಲ್ಲಿ ಅಂಗನವಾಡಿ ಕೆಲಸ ಹಿಡಿದಳು. ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ಕೆಂಪಾಜಮ್ಮ ಕಣ್ಮುಚ್ಚಿದಳು. ಸಂಜೆ ಮಕ್ಕಳು ಹೋದ ಮೇಲೆ ಪವಿತ್ರ ಬಾಡಿಗೆ ಕೋಣೆಯಲ್ಲಿ ಒಂದು ವೀಳ್ಯದೆಲೆ ಹಿಡಿದು ಕೂರುವಳು. ತೊಟ್ಟು ಮುರಿಯುವಳು. ತಿನ್ನುತ್ತಿರಲಿಲ್ಲ.

ಎರಡು ಸಾವಿರದ ಎರಡು. ಮತ್ತೆ ಮಾಘ. ಕೋಣೆಯ ಬಾಗಿಲಲ್ಲಿ ಲಿನ್! ಕಿವಿಯ ಬಳಿ ನರೆ.

“ಶಾಸಕರು ದಾರಿ ತಪ್ಪುದ್ರಾ?” ಎಂದಳು ಪವಿತ್ರ.

“ಶಾಸಕ ಅಲ್ಲ. ಸೋತ್ಬುಟ್ಟೆ. ಇಂಡಿಯಾದಲ್ಲಿ ಯಾರವ್ರೆ ಅಂತ ಈ ಸಲಾನೂ ಕೇಳುದ್ರು. ಒಬ್ಳವ್ಳೆ ಅಂದೆ. ನಮ್ಮೋನಲ್ಲ ಇವ್ನು ಅಂದ್ಬುಟ್ರು.”

“ಆವತ್ತೇ ಯಾಕನ್ನಲಿಲ್ಲ?”

“ಕುರ್ಚಿ ಓಯ್ತದೆ ಅಂತ ಎದುರ್ಕೊಂಡೆ. ಆಮೇಲೆ ಯಾವ್ ಮುಕ ಇಟ್ಕೊಂಡು ಬರ್ಲಿ...? ಕುರ್ಚಿ ಮೇಲೆ ಕೂತಿದ್ದೆ ಕಣ್ರೀ. ಪಕ್ಕದಲ್ಲಿ ಯಾರೂ ಇರ್ಲಿಲ್ಲ.”

ಅವಳು ಒಳಗೆ ಹೋದಳು. ಮುಗಿಯಿತು ಎಂದುಕೊಂಡ ಲಿನ್.

ತಟ್ಟೆ ಹಿಡಿದು ಬಂದಳು. ಎಲೆ, ಅಡಿಕೆ, ಸುಣ್ಣ.

ಅವನು ಕೈ ಹಿಂದಕ್ಕೆಳೆದುಕೊಂಡ. “ಇದು... ಯಾರ್ಗಿಟ್ಟಿರೋದು?”

“ಬನ್ನೂರಿನೋರ್ಗೆ!” ಅಳುತ್ತಲೇ ನಕ್ಕಳು. “ತಿನ್ರೀ...”

ಚಿಕ್ಕಬಸಪ್ಪ ಧಾರೆ ಎರೆದುಕೊಟ್ಟ. ಪವಿತ್ರ ಲಿನ್ ಜೊತೆ ಅವನ ನಾಡಿಗೆ ಹೊರಟದ್ದು ಸೋಮವಾರ. ಆ ದಿನ ಅಂಗನವಾಡಿಯ ಬಾಗಿಲು ತಡವಾಗಿ ತೆರೆಯಿತು, ತೆರೆದದ್ದು ಬೇರೆ ಕೈ.