ಬೀರು ಸೇರಿದ ಪಂಪು

"ನನ್ನ ಉಸಿರಿನ ಪಂಪು ಕೊಡಿ ದೊಡ್ಡಪ್ಪ!" ಗುಬ್ಬಿ ಬೀರುವಿನ ಮುಂದೆ ಕೈಚಾಚಿ ನಿಂತಿದ್ದಳು.

"ಆಗಲ್ಲ. ಅದರಲ್ಲಿ ಸ್ಟೀರಾಯ್ಡ್ ಇದೆ. ಎಳೆದ್ರೆ ಶ್ವಾಸಕೋಶಕ್ಕೆ ಸೋಂಕು! ಫೋನಲ್ಲೇ ಬಂದಿದೆ." ದೊಡ್ಡಪ್ಪ ಕೀಲಿಯನ್ನು ಜೇಬಿಗಿಳಿಸಿದರು. ಇನ್ನೊಂದು ಕೈಯಲ್ಲಿ ಸಿಗರೇಟು ಹೊಗೆಯಾಡುತ್ತಿತ್ತು. ಪಾಪ, ಶ್ವಾಸಕೋಶದ ಬಗ್ಗೆ ಅವರಿಗೆ ಎಂಥ ಕಾಳಜಿ!

ದೊಡ್ಡಪ್ಪನದು ಚಪ್ಪಲಿ ಅಂಗಡಿ. ಫೋನು ಕೈಗೆ ಬಂದ ಮೇಲೆ ಅವರು ಡಾಕ್ಟರೂ ಹೌದು, ವಿಜ್ಞಾನಿಯೂ ಹೌದು. ಆದರೆ ಓದುತ್ತಿದ್ದದ್ದು ಬರೀ ತಲೆಬರಹ. ಮನೆಗೆ ಹಿರಿಯರಲ್ಲವೇ, ಅಪ್ಪ ಅಮ್ಮ ಗೊಣಗಿ ಸುಮ್ಮನಾದರು.

ನಾಲ್ಕನೇ ದಿನ ಶಾಲೆಯಲ್ಲಿ ಅರ್ಧ ಮೈದಾನ ಓಡುವಷ್ಟರಲ್ಲಿ ಗುಬ್ಬಿಯ ಎದೆ ಸುಯ್ ಸುಯ್ ಎಂದಿತು.

"ಹೀಗಾದ್ರೆ ಶನಿವಾರದ ರಿಲೇಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ," ಎಂದರು ಪಿ.ಟಿ. ಮೇಡಂ.

ಗುಬ್ಬಿ ಅಳುತ್ತಾ ಮನೆಗೆ ಬಂದಳು. ಅಮ್ಮನಿಗೆ ರೇಗಿತು. "ಭಾವ, ಸಾಕು ನಿಮ್ಮ ಡಾಕ್ಟರಿಕೆ! ನಡೀರಿ ಕ್ಲಿನಿಕ್‌ಗೆ."

ಡಾಕ್ಟರಮ್ಮ ಮೊದಲು ಗುಬ್ಬಿಗೆ ಉಸಿರು ಸಲೀಸಾಗುವ ಔಷಧಿ ಕೊಟ್ಟರು. ಆಮೇಲೆ ದೊಡ್ಡಪ್ಪನ ಫೋನು ಇಸಿದುಕೊಂಡರು.

"ಇದನ್ನ ಪೂರ್ತಿ ಓದಿದ್ರಾ?"

"ಓದಿದೆ... ಮೇಲಿಂದ."

"ಸಿಗರೇಟು ಸೇದಿ ಶ್ವಾಸಕೋಶ ಕೆಟ್ಟಿರೋ ದೊಡ್ಡವರಿಗೆ, ಈ ಔಷಧಿಯಿಂದ ನ್ಯುಮೋನಿಯಾ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಕೆಳಗಿದೆ. ಇವಳದು ಅಸ್ತಮಾ. ಇವಳಿಗೆ ನಿಲ್ಲಿಸೋದೇ ಅಪಾಯ. ದಿನಾ ಪಂಪು ಎಳೆದು ಬಾಯಿ ಮುಕ್ಕಳಿಸಲಿ."

ದೊಡ್ಡಪ್ಪ ಪೆಚ್ಚಾಗಿ ಕೀಲಿಯನ್ನು ಅಮ್ಮನಿಗೆ ಕೊಟ್ಟರು. ಮೆಲ್ಲಗೆ ಕೇಳಿದರು, "ಅಂಥ ದೊಡ್ಡವರು ಏನ್ ಮಾಡ್ಬೇಕು? ನಮ್ಮ... ಸ್ನೇಹಿತರೊಬ್ಬರಿಗೆ."

"ಮೊದಲು ಸಿಗರೇಟು ಬಿಡ್ಬೇಕು. ಆ ಸ್ನೇಹಿತರನ್ನ ನಾಳೆನೇ ಕರ್ಕೊಂಡು ಬನ್ನಿ."

ಮನೆ ಮೂರನೇ ಮಹಡಿಯಲ್ಲಿ. ವಾಪಸು ಬಂದಾಗ ಅಮ್ಮ ಮುಂದೆ ಮೆಟ್ಟಿಲು ಹತ್ತಿಹೋದಳು. ದೊಡ್ಡಪ್ಪನನ್ನು ಗೇಲಿ ಮಾಡಲು ಗುಬ್ಬಿಯ ನಾಲಿಗೆ ತುದಿಯಲ್ಲೇ ಮಾತಿತ್ತು. ಹಿಂದೆ ತಿರುಗಿದಳು.

ದೊಡ್ಡಪ್ಪ ಕಂಬಿ ಹಿಡಿದು ನಿಂತಿದ್ದರು. "ಚಪ್ಪಲಿ ಬಾರು... ಬಿಚ್ಚಿದೆ," ಎಂದರು. ಬಾರು ಸರಿಯಾಗಿಯೇ ಇತ್ತು. ಅವರ ಎದೆಯಿಂದ ಸುಯ್ ಸುಯ್ ಎಂಬ ಸದ್ದು ಬರುತ್ತಿತ್ತು. ಆ ಸದ್ದು ಬಂದಾಗ ಎಷ್ಟು ಭಯವಾಗುತ್ತದೆ ಎಂದು ಗುಬ್ಬಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಂಗೆ ಸುಸ್ತಾಯ್ತು ದೊಡ್ಡಪ್ಪ. ಸ್ವಲ್ಪ ಹೊತ್ತು ಕೂರೋಣ."

"ನಿಂಗೋಸ್ಕರ ಕೂರ್ತೀನಿ, ಅಷ್ಟೆ," ಎನ್ನುತ್ತಾ ದೊಡ್ಡಪ್ಪ ಪಕ್ಕದಲ್ಲಿ ಕುಸಿದರು.

"ಹೂಂ, ನಂಗೋಸ್ಕರ," ಎಂದಳು ಗುಬ್ಬಿ.