ವ್ಯಾನಿನೊಳಗಿನ ಸ್ಟ್ರಾಬೆರಿ ಮೋಡ

“ಹೊಗೆ ಅಲ್ಲ ಮಾರಾಯ್ತಿ, ಇದು ಆವಿ. ಇಡ್ಲಿ ಬೇಯುವಾಗ ಬರ್ತದಲ್ಲ, ಅದೇ.”

ಡ್ರೈವರ್ ಮುಹಿಯುದ್ದೀನ್ ಅಂಕಲ್ ಆಶಿತಾಗೆ ಹೀಗೆಂದು, ಪೆನ್ನಿನಂಥದ್ದೊಂದನ್ನು ಬಾಯಿಗಿಟ್ಟು ಎಳೆದರು. ತುದಿ ಕೆಂಪಗೆ ಮಿನುಗಿತು. ಎಂಟು ಮಕ್ಕಳ ಸ್ಕೂಲ್ ವ್ಯಾನಿನ ತುಂಬ ಸ್ಟ್ರಾಬೆರಿ ವಾಸನೆಯ ಮೋಡ.

ಅದು ದುಬೈಯಿಂದ ಹೊಸದಾಗಿ ಬಂದ ಬ್ಯಾಟರಿ ಸಿಗರೇಟು. ಇಪ್ಪತ್ತು ವರ್ಷದ ಸಿಗರೇಟಿನ ಚಟವನ್ನು ಅಂಕಲ್ ಹೋದ ತಿಂಗಳಷ್ಟೇ ಬಿಟ್ಟಿದ್ದರು. ಅವರ ಹೆಮ್ಮೆಗೆ ವ್ಯಾನಿನಲ್ಲಿ ಸೀಟು ಸಾಲುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ತೇಜಸ್ವಿ ಕೆಮ್ಮಿದ. ಆಶಿತಾಳ ಈ ತಮ್ಮನಿಗೆ ಅಸ್ತಮಾ. ಕೊಲ್ಲಿ ನಾಡಿನ ಈ ಅಲ್ ಖೌದ್ ಊರಿನ ಬಿಸಿಲಿಗೆ ಕಿಟಕಿ ತೆರೆಯುವಂತಿಲ್ಲ. ಏಸಿ ಅದೇ ಗಾಳಿಯನ್ನು ಎಲ್ಲರಿಗೂ ಮತ್ತೆ ಮತ್ತೆ ಬಡಿಸುತ್ತಿತ್ತು. ಈ ವಾರ ಎರಡು ಸಲ ಅವನು ಸ್ಕೂಲಿಗೆ ಹೋದವನೇ ಇನ್‌ಹೇಲರ್ ಹಿಡಿದು ಸಿಕ್ ರೂಮ್ ಸೇರಿದ್ದ.

ಅಮ್ಮನಿಗೆ ಹೇಳಿದರೆ ವ್ಯಾನನ್ನೇ ಬದಲಾಯಿಸಿಬಿಡುತ್ತಾರೆ. ಆಶಿತಾಗೆ ತಮ್ಮನ ಉಸಿರೂ ಬೇಕು, ಅಂಕಲ್ಲೂ ಬೇಕು.

ಹೇಳಬೇಕಾದ್ದನ್ನು ರಾತ್ರಿಯೇ ಕನ್ನಡಿಯ ಮುಂದೆ ಹೇಳಿ ನೋಡಿದ್ದಳು. ಅಪ್ಪನ ದನಿಯಲ್ಲಿ ಒಮ್ಮೆ, ಪ್ರಿನ್ಸಿಪಾಲರ ದನಿಯಲ್ಲಿ ಒಮ್ಮೆ. ಈಗ ಯಾರ ದನಿಯೂ ನೆನಪಿಗೆ ಬರಲಿಲ್ಲ.

ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಿತು. ಮುಂದಿನ ಸೀಟಿನಲ್ಲಿದ್ದ ಅವಳು ಬಗ್ಗಿ, ಟಿಶ್ಯೂನಿಂದ ಎದುರಿನ ಗಾಜಿನ ಒಳಮೈ ಒರೆಸಿದಳು.

“ಇಡ್ಲಿ ಆವಿ ಒರೆಸಿದ್ರೆ ಬರೀ ನೀರು ಅಂಕಲ್. ಇದು ನೋಡಿ, ಅಂಟಂಟು.”

“ಅದು ಧೂಳು.”

“ಧೂಳು ಸ್ಟ್ರಾಬೆರಿ ವಾಸನೆ ಬರುತ್ತಾ? ಗಾಜಿನ ಮೇಲೆ ಕೂತಿದ್ದು ತೇಜು ಎದೇಲೂ ಕೂರುತ್ತೆ. ನೀವು ಎಳೀತೀರಿ, ಅವನು ಕೆಮ್ತಾನೆ.”

ಅಂಕಲ್ ಟಿಶ್ಯೂ ಮೂಸಿ ನೋಡಿದರು. ಮುಖ ಸಣ್ಣದಾಯಿತು.

“ನಿಮಗೋಸ್ಕರವೇ ನಾನು ಸಿಗರೇಟು ಬಿಟ್ಟದ್ದು. ಇದೂ ಆಗುದಿಲ್ವಾ?”

ಆಶಿತಾ ಹಿಂದೆ ತಿರುಗಿ ತಮ್ಮನನ್ನು ನೋಡಿದಳು. ಆಮೇಲೆ ಹೇಳಿದಳು, “ವ್ಯಾನಲ್ಲಿ ಇದೂ ಆಗಲ್ಲ ಅಂಕಲ್.”

ಅಂಕಲ್ ಆ ಪೆನ್ನನ್ನು ಜೇಬಿಗಿಟ್ಟು ವ್ಯಾನ್ ಹೊರಡಿಸಿದರು.

ಮರುದಿನ ವ್ಯಾನಿನಲ್ಲಿ ಮೋಡವಿರಲಿಲ್ಲ. ಅಂಕಲ್ ಕೈ ಮಾತ್ರ ಜೇಬಿಗೆ ಹೋಗುತ್ತಿತ್ತು, ವಾಪಸ್ ಬರುತ್ತಿತ್ತು. ಕೊನೆಗೆ ಖಾಲಿ ಮೈದಾನದ ಪಕ್ಕ ವ್ಯಾನ್ ನಿಲ್ಲಿಸಿ, “ಎರಡು ಮಿನಿಟ್, ಖಲಾಸ್,” ಎಂದು ಇಳಿದು ದೂರ ನಡೆದರು. ಅಷ್ಟು ಬಿಸಿಲಿನಲ್ಲಿ ಬೆನ್ನು ತಿರುಗಿಸಿ ನಿಂತರು; ತಲೆಯ ಮೇಲೆ ಸಣ್ಣ ಮೋಡವೊಂದು ಎದ್ದಿತು. ಶರ್ಟು ಬೆನ್ನಿಗೆ ಅಂಟಿತ್ತು.

“ಅಕ್ಕಾ ಲೇಟಾಗುತ್ತೆ ಮಿಸ್ ಬೈತಾರೆ ಹಾರ್ನ್ ಹೊಡಿ,” ಎಂದ ತೇಜಸ್ವಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ.

ಆಶಿತಾ ಆ ಒದ್ದೆ ಬೆನ್ನನ್ನೇ ನೋಡಿದಳು. ಹಾರ್ನಿನತ್ತ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು.

“ಬೇಡ. ಮಿಸ್‌ಗೆ ನಾನೇ ಹೇಳ್ತೀನಿ,” ಎಂದಳು.